ಗುರುತು ಹಾಕದ ಮಗ್ಗ

"ನಿಲ್ಲಿಸಿ! ಆ ಕೊಡತಿ ಕೆಳಗಿಡಿ ಅಂದೆ!"

ಕನಾಯೆಯ ಕೂಗಿಗೆ ಎದುರುಮನೆಯ ಬೆಕ್ಕು ಕಿಟಕಿಯಿಂದ ಹಾರಿ ಓಡಿಹೋಯಿತು.

ಮಗ್ಗದ ಮೇಲಿನ ಅಡ್ಡತೊಲೆಗೆ ಕಾಲು ಕೊಟ್ಟು ನಿಂತಿದ್ದ ಗಂಡಸು ನಿಧಾನವಾಗಿ ತಿರುಗಿದ. ತಲೆಗೆ ಬಿಗಿದ ಬಿಳಿ ವಸ್ತ್ರ, ಬೆವರಿಗೆ ಮೈಗಂಟಿದ ಅಂಗಿ, ಬಾಯಲ್ಲಿ ಕಚ್ಚಿ ಹಿಡಿದ ಮರದ ಬೆಣೆ.

ಗೆಂತಾ!

ಕನಾಯೆ ಹೊಸ್ತಿಲಲ್ಲೇ ನಿಂತುಬಿಟ್ಟಳು. ಈ ಮನುಷ್ಯನನ್ನು ನೋಡಬಾರದು ಎಂದೇ ಅಲ್ಲವೇ ಒಂಬತ್ತು ವರ್ಷಗಳಿಂದ ಈ ಓಣಿಗೆ ಬಂದರೂ ಕತ್ತು ಬಗ್ಗಿಸಿಕೊಂಡು ಬಂದು, ಕತ್ತು ಬಗ್ಗಿಸಿಕೊಂಡೇ ಹೋಗುತ್ತಿದ್ದುದು?

ಗೆಂತಾ ಬಾಯಿಂದ ಬೆಣೆ ತೆಗೆದ.

"ಬಂದ್ಯಾ. ನಾಳೆ ಬರ್ತೀಯ ಅಂದಿದ್ರು ಎದುರುಮನೆ ಅಜ್ಜಿ."

"ನಾಳೆ ಬಂದಿದ್ರೆ ಇಷ್ಟೊತ್ತಿಗೆ ಎಲ್ಲಾ ಮುಗಿಸಿರ್ತಿದ್ರಿ ಅಲ್ವಾ?"

ಚಿಕ್ಕಂದಿನಿಂದ ಒಟ್ಟಿಗೆ ಆಡಿ ಬೆಳೆದವನಿಗೆ ಆಕೆ ಬೇಕೆಂದೇ ಬಹುವಚನ ಹಾಕಿದ್ದಳು. ಅದು ಅವನಿಗೆ ನಾಟಿತು. ಕೊಡತಿ ಹಿಡಿದ ಕೈ ಸ್ವಲ್ಪ ಕೆಳಗಿಳಿಯಿತು.

ಅಪ್ಪನ ಮಗ್ಗ ಅರ್ಧ ಬಿಚ್ಚಿಹೋಗಿತ್ತು. ಮೇಲಿದ್ದ, ಬಟ್ಟೆಗೆ ಚಿತ್ತಾರ ಮೂಡಿಸುವ ಜಕಾರ್ಡ್ ಪೆಟ್ಟಿಗೆ ಆಗಲೇ ಇಲ್ಲ. ಪಕ್ಕದ ಗೋಡೆಗೆ ಏಳೆಂಟು ತೊಲೆಗಳು ಒರಗಿದ್ದವು. ಕನಾಯೆ ಚೀಲ ಬಿಸಾಕಿ ಒಂದೊಂದೇ ತೊಲೆಯ ಮೇಲೆ ಕೈಯಾಡಿಸಿದಳು. ಹಿಂದೆ ನೋಡಿದಳು, ಮುಂದೆ ನೋಡಿದಳು, ತುದಿಗಳನ್ನು ಬೆಳಕಿಗೆ ಹಿಡಿದು ನೋಡಿದಳು.

ಗುರುತು ಇರಲಿಲ್ಲ... ಒಂದರ ಮೇಲೂ ಇರಲಿಲ್ಲ!

ನೇಕಾರರ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬಿಚ್ಚಿದ ಮಗ್ಗ ಇನ್ನೊಂದು ಕಡೆ ಎದ್ದು ನಿಲ್ಲುವುದಾದರೆ ಮಗ್ಗದ ಬಡಗಿ ಪ್ರತಿ ತೊಲೆಗೂ ಶಾಯಿಯಲ್ಲಿ ಒಂದೊಂದು ಅಕ್ಷರ ಬರೆಯುತ್ತಾನೆ. ಗುರುತು ಹಾಕದೆ ಬಿಚ್ಚಿದರೆ ಅದು ಸೌದೆ. ಕ್ಯೋಟೊದ ನೇಕಾರರ ಬಡಾವಣೆಯಾದ ನಮ್ಮ ನಿಶಿಜಿನ್‌ನಲ್ಲಿ ಎಷ್ಟು ಮಗ್ಗಗಳು ಹಾಗೆ ಹೋದವೋ ಲೆಕ್ಕ ಇಟ್ಟವರಿಲ್ಲ.

"ಒಲೆಗೆ ಹಾಕ್ತೀರಾ ಇದನ್ನ?" ಕನಾಯೆ ತೊಲೆಯೊಂದನ್ನು ತಟ್ಟಿದಳು. "ಅಪ್ಪ ನಲವತ್ತು ವರ್ಷ ಕೂತ ಮಗ್ಗ ಇದು. ನಿಮ್ಮಪ್ಪನೇ ಮಾಡಿಕೊಟ್ಟಿದ್ದು!"

"ಶನಿವಾರದೊಳಗೆ ಮನೆ ಖಾಲಿ ಮಾಡ್ಬೇಕು ಅಂತ ಅಜ್ಜಿಗೆ ಫೋನ್ ಮಾಡಿ ಹೇಳಿದ್ದು ನೀನು ತಾನೆ?"

"ಖಾಲಿ ಮಾಡಿ ಅಂದೆ. ಸುಟ್ಟುಹಾಕಿ ಅಂದ್ನಾ?"

ಗೆಂತಾ ಕೊಡತಿಯನ್ನು ಸೊಂಟಕ್ಕೆ ಸಿಕ್ಕಿಸಿ ಕೆಳಗಿಳಿದ. ತೊಲೆಗಳನ್ನು ಹೆಗಲಿಗೇರಿಸಿ ಹೊರಗೆ ನಿಂತಿದ್ದ ಕೈಗಾಡಿಗೆ ಜೋಡಿಸಿದ.

"ಉಳಿದಿದ್ದನ್ನ ನಾಳೆ ಮಧ್ಯಾಹ್ನ ತಗೊಂಡ್ಹೋಗ್ತೀನಿ," ಎಂದಷ್ಟೇ ಹೇಳಿ ಗಾಡಿ ತಳ್ಳಿಕೊಂಡು ಹೊರಟುಹೋದ.

ಈ ಗಂಡಸಿಗೆ ದೇವರು ಬಾಯಿಯನ್ನು ಊಟಕ್ಕೆ ಮಾತ್ರ ಕೊಟ್ಟಿದ್ದಾನೆಯೇ ಎಂದು ನಮಗೆಲ್ಲ ಅನುಮಾನ ಬಂದಿದ್ದುಂಟು. ಒಂದು ಮಾತು, ಒಂದೇ ಒಂದು ಮಾತು ಆಡಿದ್ದರೆ ಇವಳ ಅರ್ಧ ಕಣ್ಣೀರು ಉಳಿಯುತ್ತಿತ್ತು!

*

ಕನಾಯೆ ಮಾರಲು ಬಂದಿದ್ದಳು. ಅದನ್ನು ಮುಚ್ಚಿಡುವುದೇನೂ ಇಲ್ಲ.

ಅಪ್ಪ ತೀರಿಕೊಂಡು ವರ್ಷವಾಗಿತ್ತು. ಅವಳು ನಗೋಯಾದ ದೊಡ್ಡ ಮಳಿಗೆಯೊಂದರ ಕಿಮೊನೊ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದಳು. ವಯಸ್ಸು ಮೂವತ್ತೈದು, ಬಾಡಿಗೆ ಕೋಣೆಯಲ್ಲಿ ಒಬ್ಬಳೇ. ಖಾಲಿ ಮನೆಯನ್ನು ಅತಿಥಿಗೃಹ ಮಾಡುತ್ತೇವೆಂದು ಒಂದು ಕಂಪನಿ ಬೆನ್ನು ಬಿದ್ದಿತ್ತು. ಶನಿವಾರ ಹತ್ತು ಗಂಟೆಗೆ ಹೋಗಿ ಮಾರಾಟದ ಕಾಗದಕ್ಕೆ ಸಹಿಯ ಬದಲು ತನ್ನ ಹೆಸರಿನ ಮುದ್ರೆ ಒತ್ತಿದರೆ ಮುಗಿಯಿತು. ಈ ಓಣಿಗೂ ಅವಳಿಗೂ ಇದ್ದ ಕೊನೆಯ ಎಳೆ ಕಡಿದ ಹಾಗೆ.

ಆದರೆ ಆ ಮಧ್ಯಾಹ್ನ ಹೊಸ್ತಿಲಲ್ಲಿ ಕುಳಿತು ಓಣಿಯನ್ನು ನೋಡುತ್ತಿದ್ದರೆ ಅವಳಿಗೆ ಏಳಲು ಮನಸ್ಸಾಗಲಿಲ್ಲ.

ಅವಳು ಚಿಕ್ಕವಳಿದ್ದಾಗ ಈ ಓಣಿಯ ಮೂವತ್ತೆರಡು ಮನೆಗಳಲ್ಲಿ ಇಪ್ಪತ್ತಾರು ಮನೆಗೆ ಮಗ್ಗವಿತ್ತು. ಬೆಳಿಗ್ಗೆ ಶುರುವಾದರೆ ಗಟಕ್ ಪಟಕ್, ಗಟಕ್ ಪಟಕ್... ಅಮ್ಮಂದಿರು ಮಕ್ಕಳನ್ನು ಕರೆಯಬೇಕಾದರೂ ಕೂಗಿಯೇ ಕರೆಯಬೇಕು. ಬೇರೆ ಬಡಾವಣೆಯವರು ನಿಶಿಜಿನ್ ಜನ ಯಾವಾಗಲೂ ಜಗಳವಾಡುತ್ತಾರೆ ಅಂದುಕೊಳ್ಳುತ್ತಿದ್ದರಂತೆ! ಸಂಜೆ ಆರಕ್ಕೆ ಒಂದೊಂದೇ ಮಗ್ಗ ನಿಲ್ಲುತ್ತ ಬರುತ್ತಿತ್ತು. ಆ ಸದ್ದು ಅಡಗಿತೆಂದರೆ ಮಕ್ಕಳು ಆಟ ಬಿಟ್ಟು ಮನೆಗೆ ಓಡಬೇಕು. ಓಣಿಯಲ್ಲಿ ಗಡಿಯಾರ ಯಾರಿಗೂ ಬೇಕಿರಲಿಲ್ಲ.

ಅವಳ ಹೈಸ್ಕೂಲು ಮುಗಿಯುವ ಹೊತ್ತಿಗೆ ಕಿಮೊನೊ ಉಡುವವರು ಕಡಿಮೆಯಾಗಿ ಹನ್ನೊಂದು ಮಗ್ಗ ಉಳಿದವು. ಅವಳು ನಗೋಯಾಗೆ ಹೋದ ವರ್ಷ ನಾಲ್ಕು. ಈಗ?

ತೋಫು ಅಂಗಡಿ ಇದ್ದ ಜಾಗದಲ್ಲಿ ಆರು ಕಾರು ನಿಲ್ಲಿಸುವ ಅಂಗಳ. ದಾರಕ್ಕೆ ಬಣ್ಣ ಕಟ್ಟುತ್ತಿದ್ದ ಮನೆ ಬಾಡಿಗೆ ಸೈಕಲ್ಲಿನ ಅಂಗಡಿ. ಓಣಿಯವರೆಲ್ಲ ಹೋಗುತ್ತಿದ್ದ, ಓಣಿಯ ತುದಿಯ ಸಾರ್ವಜನಿಕ ಸ್ನಾನದ ಮನೆ ಈಗ ಕಾಫಿ ಅಂಗಡಿ. ಗಂಡಸರ ತೊಟ್ಟಿ ಇದ್ದಲ್ಲಿ ಮೇಜು ಹಾಕಿದ್ದಾರೆ, ಚೀಟಿ ಹಿಡಿದು ಕಾಯುವಷ್ಟು ಜನ. ಬಾಗಿಲುಗಳ ಪಕ್ಕ ಹೆಸರಿನ ಹಲಗೆ ಇದ್ದ ಕಡೆ ನಂಬರು ಒತ್ತಿದರೆ ಕೀಲಿ ಉದುರುವ ಸಣ್ಣ ಪೆಟ್ಟಿಗೆ. ಇಡೀ ಮಧ್ಯಾಹ್ನ ಅವಳ ಕಿವಿಗೆ ಬಿದ್ದದ್ದು ಕಲ್ಲುಹಾಸಿನ ಮೇಲೆ ಪ್ರವಾಸಿಗಳ ಪೆಟ್ಟಿಗೆಯ ಚಕ್ರಗಳ ಗರಗರ ಒಂದೇ.

'ನಾನೂ ಮಾರ್ತಿದೀನಿ. ನನಗೆ ಅಳೋಕೆ ಏನು ಹಕ್ಕಿದೆ?'

ಅವಳ ಕಣ್ಣು ಆ ಕಾಫಿ ಅಂಗಡಿಯ ಮೂಲೆಯಲ್ಲೇ ನಿಂತಿತು. ಒಂಬತ್ತು ವರ್ಷದ ಹಿಂದೆ ಅದಿನ್ನೂ ಸ್ನಾನದ ಮನೆ. ಅದೇ ಮೂಲೆಯಲ್ಲಿ ಅವಳು ಗೆಂತಾನನ್ನು ಕೇಳಿದ್ದಳು.

"ನಗೋಯಾದಲ್ಲಿ ಕೆಲಸ ಸಿಕ್ಕಿದೆ. ಹೋಗ್ಲಾ?"

ಎರಡು ವರ್ಷದಿಂದ ಪ್ರತಿ ಸಂಜೆ ಸ್ನಾನದ ಮನೆಯಿಂದ ಅವಳ ಮನೆವರೆಗೆ ಜೊತೆಗೆ ನಡೆದವನು. ಮಳೆ ಬಂದರೆ ಛತ್ರಿಯೆಲ್ಲ ಅವಳ ಕಡೆಗೇ ಹಿಡಿದು ತಾನು ನೆನೆದವನು. ಬೇಡ ಎನ್ನುತ್ತಾನೆ ಎಂದೇ ನಂಬಿದ್ದಳು.

ಗೆಂತಾ ನೆಲ ನೋಡಿಕೊಂಡು ಹೇಳಿದ್ದ. "ಹೋಗು. ಒಳ್ಳೆ ಕೆಲಸ."

ಅಷ್ಟೇ...!

ಅಪ್ಪ ತೀರಿಕೊಂಡಾಗಲೂ ಬಂದಿದ್ದ. ಊದುಬತ್ತಿ ಹಚ್ಚಿ, ತಲೆ ಬಾಗಿ, ಒಂದು ಮಾತಿಲ್ಲದೆ ಹೋಗಿದ್ದ. ಅಂಥವನು ಅಪ್ಪನ ಮಗ್ಗಕ್ಕೆ ಗುರುತು ಹಾಕುತ್ತಾನೆಂದು ತಾನು ಯಾಕೆ ಎಣಿಸಬೇಕಿತ್ತು?

*

ಮಾರನೆಯ ದಿನ, ಶುಕ್ರವಾರ ಬೆಳಿಗ್ಗೆ, ಕನಾಯೆ ಪೊರಕೆ ಹಿಡಿದು ಬಾಗಿಲು ತೆರೆದಳು. ಮುದ್ರೆ ಒತ್ತುವ ತನಕ ಮನೆ ತನ್ನದೇ, ಮನೆ ಮುಂದಿನ ಕಸ ತನ್ನ ಮಾನ ಕಳೆಯಬಾರದು.

ಆದರೆ ಕಸವೇ ಇರಲಿಲ್ಲ. ಮನೆಯ ಮುಂದೆ ಆ ಕಡೆಯಿಂದ ಈ ಕಡೆಯವರೆಗೆ ಯಾರೋ ಗುಡಿಸಿ ನೀರು ಚಿಮುಕಿಸಿ ಹೋಗಿದ್ದರು. ಜುಲೈ ಬಿಸಿಲಿಗೆ ಆಗಲೇ ಅರ್ಧ ಆರಿತ್ತು.

"ಅಜ್ಜಿ, ನೀವಾ ಗುಡಿಸಿದ್ದು?"

ಎದುರುಮನೆಯ ಉಮೆನೊ ಅಜ್ಜಿ ತನ್ನ ಬಾಗಿಲಲ್ಲಿ ಮಣೆ ಹಾಕಿಕೊಂಡು ಕುಳಿತಿದ್ದಳು. ಎಂಬತ್ತನಾಲ್ಕು ವರ್ಷ. ಕನಾಯೆಯ ಅಪ್ಪನಿಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದವಳು. ಬೆನ್ನು ಬಗ್ಗಿದೆ, ನಾಲಿಗೆ ಬಗ್ಗಿಲ್ಲ.

"ನಾನ್ಯಾಕೆ ಗುಡಿಸ್ಲಿ? ನನಗೇನು ಮರ್ಯಾದೆ ಇಲ್ವಾ?"

ನಮ್ಮ ಕ್ಯೋಟೊ ಪದ್ಧತಿ ಹಾಗೆ. ಬೆಳಿಗ್ಗೆದ್ದು ನಮ್ಮ ಬಾಗಿಲ ಮುಂದೆ ಗುಡಿಸಬೇಕು. ಪಕ್ಕದ ಮನೆಯ ಕಡೆಗೆ ಒಂದಡಿ ಹೆಚ್ಚಾಗಿ ಗುಡಿಸಬಹುದು, ಅದು ಸೌಜನ್ಯ. ಒಂದಡಿ ದಾಟಿದರೆ ಅಧಿಕಪ್ರಸಂಗ. ಬೇರೆಯವರ ಮನೆ ಮುಂದೆ ಇಡೀ ಗುಡಿಸುವುದೆಂದರೆ ಆ ಮನೆಯೊಂದಿಗೆ ಏನೋ ಸಂಬಂಧ ಇದೆ ಎಂದು ಊರಿಗೆ ಡಂಗುರ ಹೊಡೆದ ಹಾಗೆ.

"ಮತ್ತೆ ಯಾರು?"

"ಯಾರು ಅಂತ ಕೇಳ್ತಾಳೆ ನೋಡು!" ಅಜ್ಜಿ ಬೀಸಣಿಗೆಯಿಂದ ಬೆಕ್ಕಿನ ತಲೆಗೆ ಮೊಟಕಿದಳು. "ನಿಮ್ಮಪ್ಪ ಹೋದಾಗಿಂದ ಒಂದು ದಿನ ತಪ್ಪಿಲ್ಲ. ಎಂಟು ಮನೆ ದಾಟಿ ಬಂದು ಗುಡಿಸ್ತಾನೆ. ಮೊದಲ ವಾರ ನಾನೇ ಗದರಿಸ್ದೆ. 'ಏನೋ ಗೆಂತಾ, ಯಾರ ಮನೆ ಅಂತ ಗುಡಿಸ್ತಿದೀಯ?' ಅಂದೆ. ಕಿವಿ ಕೆಂಪಗಾಯ್ತು. ಗುಡಿಸೋದು ಮಾತ್ರ ನಿಲ್ಲಿಸ್ಲಿಲ್ಲ."

ಕನಾಯೆಯ ಕೈಯ ಪೊರಕೆ ಹಾಗೇ ನಿಂತಿತು.

"ಓಣಿಗೆಲ್ಲ ಗೊತ್ತು. ಆ ಸೈಕಲ್ ಅಂಗಡಿ ಹುಡುಗಿ, ಎಲ್ಲಿಂದಲೋ ಬಂದೋಳು, ಅವಳಿಗೂ ಗೊತ್ತು. ನಿಮ್ಮಿಬ್ಬರಿಗೆ ಮಾತ್ರ ಗೊತ್ತಿಲ್ಲ!"

"ಸುಳ್ಳು..." ಕನಾಯೆ ತೊದಲಿದಳು. "ಹಾಗಿದ್ರೆ ಅಪ್ಪನ ಮಗ್ಗಕ್ಕೆ ಗುರುತು ಯಾಕೆ ಹಾಕ್ಲಿಲ್ಲ? ಒಲೆಗೆ ಹಾಕೋಕೆ ತಾನೆ?"

"ನನ್ನ ಕೇಳ್ಬೇಡ. ಅವನಿಗೂ ಮನೆ ಇದೆ, ಮನೆಗೂ ಬಾಗಿಲಿದೆ. ಹೋಗಿ ಕೇಳು." ಅಜ್ಜಿ ಮುಖ ತಿರುಗಿಸಿದಳು. "ಪೊರಕೆ ಇಲ್ಲಿಟ್ಟು ಹೋಗು. ಅದನ್ನ ಹಿಡ್ಕೊಂಡು ಹೋದ್ರೆ ಹೊಡಿಯೋಕೆ ಬಂದಿದಾಳೆ ಅಂದ್ಕೋತಾನೆ."

*

ಗೆಂತಾನ ಮನೆ ಓಣಿಯ ಇನ್ನೊಂದು ತುದಿಯಲ್ಲಿ ಕೊನೆಯದು. ಕೆಳಗೆ ಅವನ ಅಪ್ಪನ ಕಾಲದ ಬಡಗಿ ಕೊಟ್ಟಿಗೆ, ಮೇಲೆ ಒಂದು ಕೋಣೆ. ಬಾಗಿಲು ಅರ್ಧ ತೆರೆದಿತ್ತು.

"ಯಾರಾದ್ರೂ ಇದೀರಾ?"

ಕನಾಯೆ ತಲೆ ಬಾಗಿಸಿ ಒಳಗೆ ಬಂದಳು. ಆ ಕೊಟ್ಟಿಗೆಯ ಸೂರು ತಗ್ಗು ಎಂಬುದು ಅವಳಿಗೆ ಮೊದಲಿಂದ ಗೊತ್ತು. ಚಿಕ್ಕಂದಿನಲ್ಲಿ ಎಷ್ಟು ಸಲ ಹಣೆ ಹೊಡೆಸಿಕೊಂಡಿದ್ದಳೋ!

ಆದರೆ ತಲೆ ಎತ್ತಿದರೆ ಸೂರೇ ಇಲ್ಲ...

ಮೇಲಿನ ಕೋಣೆಯ ನೆಲವನ್ನು ನಡುವೆ ಚೌಕವಾಗಿ ಕತ್ತರಿಸಿ ತೆಗೆದಿದ್ದ. ಮಾಡಿನ ಜಂತಿಗಳೂ ಕಾಣುತ್ತಿದ್ದವು. ಆ ತೂತಿನ ಕೆಳಗೆ, ಮಣ್ಣಿನ ನೆಲ ಅಗೆದು, ಕಾಲು ಊರಿ, ಅಪ್ಪನ ಮಗ್ಗ ನಿಂತಿತ್ತು!

ಪೂರ್ತಿ ಅಲ್ಲ, ಅರ್ಧ. ನಿನ್ನೆ ಬಿಚ್ಚಿದ ತೊಲೆಗಳು ಇಂದು ಇಲ್ಲಿ ತಮ್ಮ ತಮ್ಮ ಜಾಗದಲ್ಲಿ ಕುಳಿತಿದ್ದವು. ಮೇಲೆ ಹಗ್ಗದಲ್ಲಿ ಜಕಾರ್ಡ್ ಪೆಟ್ಟಿಗೆ ತೂಗುತ್ತಿತ್ತು.

ಕನಾಯೆ ಬಾಯಿಗೆ ಕೈ ಅಡ್ಡ ಹಿಡಿದಳು.

ಅಡುಗೆಮನೆಯ ಮೂಲೆಯಲ್ಲಿ, ಅಕ್ಕಿ ಡಬ್ಬದ ಪಕ್ಕ, ಸುತ್ತಿಟ್ಟ ಹಾಸಿಗೆ. ಬಟ್ಟೆಗಳು ಹಣ್ಣಿನ ಪೆಟ್ಟಿಗೆಯಲ್ಲಿ. ಮಲಗುವ ಕೋಣೆಯ ನೆಲವನ್ನೇ ಕತ್ತರಿಸಿದವನು ಇನ್ನೆಲ್ಲಿ ಮಲಗಬೇಕು?

"ತಲೆ ಜೋಪಾನ. ಆ ಪೆಟ್ಟಿಗೆ ಇನ್ನೂ ಸರಿಯಾಗಿ ಕಟ್ಟಿಲ್ಲ."

ಗೆಂತಾ ಹಿಂಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಬಾರ್ಲಿ ಚಹಾದ ಹೂಜಿ.

"ಏನಿದು?" ಕನಾಯೆಗೆ ಅಷ್ಟೇ ಕೇಳಲು ಸಾಧ್ಯವಾದದ್ದು.

"ಮಗ್ಗ."

"ಗೊತ್ತು ಮಗ್ಗ ಅಂತ! ಇಲ್ಲಿ ಯಾಕೆ?"

"ಇಷ್ಟು ಎತ್ತರದ್ದು ಬೇರೆಲ್ಲೂ ಹಿಡಿಸಲ್ಲ. ಮೂರು ಕಡೆ ಕೇಳ್ದೆ. ಎಲ್ಲರೂ ಬೇಡ ಅಂದ್ರು."

"ಅದಕ್ಕೆ ಮನೆ ಕತ್ತರಿಸ್ದ್ಯಾ?"

"ಮೇಲೆ ಬರೀ ಮಲಗೋಕೆ ತಾನೆ ಇದ್ದಿದ್ದು."

ಅವಳಿಗೆ ನಗು ಬಂತು, ಅಳುವೂ ಬಂತು. ಎರಡರಲ್ಲಿ ಅಳು ಗೆದ್ದಿತು.

"ಗುರುತು ಯಾಕೆ ಹಾಕ್ಲಿಲ್ಲ ಗೆಂತಾ? ನಾನು ನಿನ್ನೆ ಇಡೀ ದಿನ..."

ಗೆಂತಾ ಹೂಜಿ ಕೆಳಗಿಟ್ಟ. ತಲೆಯ ವಸ್ತ್ರ ತೆಗೆದು ಸುಮ್ಮನೆ ಕೈಯಲ್ಲಿ ತಿರುಚಿದ.

"ಹಾಕೋದು ಮರ್ತೇ ಹೋಯ್ತು. ನಮ್ಮಪ್ಪ ಮಾಡಿದ್ದು. ಹದಿನೈದು ವರ್ಷದೋನಾಗಿದ್ದಾಗಿಂದ ಅದರ ಒಂದೊಂದು ಗಂಟೂ ನಾನೇ ಕಟ್ಟಿದೀನಿ. ಯಾವ ತೊಲೆ ಎಲ್ಲಿಗೆ ಅಂತ ಬರ್ಕೋಬೇಕು ಅಂತ ಹೊಳೀಲೇ ಇಲ್ಲ. ಕಣ್ಣು ಮುಚ್ಕೊಂಡೂ ನಿಲ್ಲಿಸ್ತೀನಿ ಅದನ್ನ."

"ನಿನ್ನೆ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ನಿನಗೆ ಮಾರೋಕೆ ಕಷ್ಟ ಆಗುತ್ತೆ ಅನ್ನಿಸ್ತು. ನೀನು ಹಗುರಾಗಿ ಹೋಗ್ಲಿ ಅಂತ..."

"ಹೋಗ್ಲಿ, ಹೋಗ್ಲಿ, ಹೋಗ್ಲಿ!" ಕನಾಯೆ ಸಿಡಿದಳು. "ಯಾವಾಗ್ಲೂ ನನ್ನನ್ನ ಕಳಿಸೋದೇ ನಿನ್ನ ಕೆಲ್ಸ! ಅವತ್ತೂ ಅಷ್ಟೇ. 'ಹೋಗು, ಒಳ್ಳೆ ಕೆಲಸ' ಅಂದೆ. ನಾನು ಬೇಡವಾಗಿದ್ದೆ ಅಂತ ನೇರವಾಗಿ ಹೇಳಿದ್ರೆ ಇಷ್ಟು ವರ್ಷ ಕೊರಗ್ತಿರ್ಲಿಲ್ಲ!"

"ಬೇಡವಾಗಿದ್ಯಾ?"

ಅವನ ದನಿ ಜೀವನದಲ್ಲೇ ಮೊದಲ ಸಲ ಏರಿತು. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಆ ವಾರ ನಾನು ಮೂರು ಮಗ್ಗ ಬಿಚ್ಚಿದ್ದೆ ಕನಾ. ಮೂರೂ ಸೌದೆಗೆ. ಸ್ನಾನದ ಮನೆಯವರೇ ಒಲೆಗೆ ತಗೊಂಡ್ರು. ನೀನು ಆ ಮೂಲೇಲಿ ನಿಂತು ಹೋಗ್ಲಾ ಅಂತ ಕೇಳ್ತಿದ್ದಾಗ ಮೇಲೆ ಚಿಮಣೀಲಿ ಅದೇ ಮಗ್ಗದ ಹೊಗೆ ಹೋಗ್ತಿತ್ತು. ನನ್ನ ಅಂಗಿಯೆಲ್ಲ ಅದರದ್ದೇ ವಾಸನೆ. ಮಗ್ಗ ಮಾಡೋನು ನಾನು, ಮಗ್ಗ ಒಡೆಯೋ ಕೂಲಿಯೋನಾಗಿದ್ದೆ. ಯಾವ ಬಾಯಲ್ಲಿ ಇರು ಅನ್ಲಿ ನಿನಗೆ?"

ಆ ದಿನ ಅವಳು ಚಿಮಣಿಯನ್ನು ನೋಡಿರಲಿಲ್ಲ, ಅವನ ಮುಖವನ್ನಷ್ಟೇ ನೋಡಿದ್ದಳು. ಅದರಲ್ಲಿ ಪ್ರೀತಿ ಇಲ್ಲ ಎಂದು ತಾನೇ ತೀರ್ಮಾನಿಸಿ ರೈಲು ಹತ್ತಿದ್ದಳು.

'ಅಯ್ಯೋ ದೇವರೇ... ಇದಕ್ಕೆ ಒಂಬತ್ತು ವರ್ಷ!'

ಅವಳು ಮಗ್ಗದ ಹತ್ತಿರ ಹೋದಳು. ಅಪ್ಪ ಕೂರುತ್ತಿದ್ದ ಹಲಗೆಯ ಮೇಲೆ ಕೂತಳು. ಇಪ್ಪತ್ತಾರನೆಯ ವರ್ಷದವರೆಗೂ ಅಪ್ಪನ ಪಕ್ಕ ಕೂತು ನೇಯ್ದವಳು ಅವಳು. ಕಾಲು ತಾನಾಗಿ ತುಳಿಯುವ ಹಲಗೆಯನ್ನು ಹುಡುಕಿತು.

"ಗೆಂತಾ, ನಮ್ಮ ಮಳಿಗೇಲಿ ಕಿಮೊನೊಗೆ ಕಟ್ಟೋ ಕೈಮಗ್ಗದ ನಡುಪಟ್ಟಿ ಕೇಳ್ಕೊಂಡು ತಿಂಗಳಿಗೆ ಇಬ್ಬರು ಮೂವರು ಬರ್ತಾರೆ. ನೇಯೋರಿಲ್ಲ ಅಂತ ನಾನೇ ವಾಪಸ್ ಕಳಿಸ್ತೀನಿ. ಬರೋರಿಗೆಲ್ಲ ಬಗ್ಗಿ ಕ್ಷಮೆ ಕೇಳಿ ಕೇಳಿ ಸೊಂಟ ಬಿದ್ದೋಯ್ತು."

"ಹೂಂ."

"ನೇಯೋಳು ಇದಾಳೆ ಅಂತ ಇನ್ಮೇಲೆ ಹೇಳ್ಬಹುದಲ್ಲ?"

ಗೆಂತಾ ಅವಳನ್ನೇ ನೋಡಿದ. ಸಂತೋಷ ಕಣ್ಣಿಗೆ ಬರುವ ಮೊದಲೇ ಭಯ ಬಂದುಬಿಟ್ಟಿತು.

"ನನಗೋಸ್ಕರ ಅಂತ ಮಾಡ್ಬೇಡ. ಈ ಓಣಿ ಮೊದಲಿನ ಹಾಗೆ ಆಗಲ್ಲ ಕನಾ. ಒಂದು ಮಗ್ಗ ಆಡಿದ್ರೆ ತೋಫು ಅಂಗಡಿ ವಾಪಸ್ ಬರಲ್ಲ."

"ಬರೋದು ಬೇಡ. ನನಗೆ ಆ ಕಾಲ ಬೇಕಾಗಿಲ್ಲ. ಮಗ್ಗ ಬೇಕು, ಮನೆ ಬೇಕು." ಅವಳು ಅಂಗಿಯ ತೋಳಿನಿಂದಲೇ ಮೂಗು ಒರೆಸಿಕೊಂಡಳು. "ಮತ್ತೆ ನೀನು. ಸಾಕಾ, ಇನ್ನೂ ಬಿಡಿಸಿ ಹೇಳ್ಲಾ?"

ಅವನು ತಲೆಯಾಡಿಸಿದ. ಸಾಕು ಎಂದೋ, ಇನ್ನೂ ಹೇಳು ಎಂದೋ ನಮಗೆ ತಿಳಿಯಲಿಲ್ಲ. ಆದರೆ ಅವನ ದೊಡ್ಡ ಒರಟು ಕೈ ಹೆದರುತ್ತ ಹೆದರುತ್ತ ಬಂದು ಅವಳ ತಲೆಯ ಮೇಲೆ ಕುಳಿತಿತು. ಅವಳು ಅದನ್ನು ಕೆನ್ನೆಗೆ ಎಳೆದುಕೊಂಡಳು.

*

ಶನಿವಾರ ಹತ್ತು ಗಂಟೆಗೆ ಇಬ್ಬರೂ ಕಂಪನಿಯ ಕಚೇರಿಗೆ ಹೋದರು. ಕೊಟ್ಟ ಮಾತು ಹಿಂದೆ ತೆಗೆದುಕೊಳ್ಳುವಾಗ ಬರಿಗೈಯಲ್ಲಿ ಹೋಗಬಾರದೆಂದು ಒಳ್ಳೆಯ ಅಂಗಡಿಯ ಸಿಹಿ ಪೆಟ್ಟಿಗೆ ಒಯ್ದಿದ್ದರು. ಕನಾಯೆ ಸೊಂಟದವರೆಗೆ ಬಗ್ಗಿ ಕ್ಷಮೆ ಕೇಳಿದಳು. ಪಕ್ಕದಲ್ಲಿ ಗೆಂತಾ ಅವಳಿಗಿಂತ ತಗ್ಗಿ ಬಗ್ಗಿದ. ತಾನು ಯಾರು, ಯಾಕೆ ಬಗ್ಗುತ್ತಿದ್ದೇನೆ ಎಂದು ಹೇಳುವುದನ್ನು ಮಾತ್ರ ಮರೆತ.

ಅಲ್ಲಿನ ಅಧಿಕಾರಿ ಕೋಪ ಮಾಡಿಕೊಳ್ಳಲಿಲ್ಲ. "ಪರವಾಗಿಲ್ಲ. ಅದೇ ಓಣೀಲಿ ಇನ್ನೆರಡು ಮನೆಯವರು ಒಪ್ಪಿದಾರೆ," ಎಂದು ನಗುತ್ತಲೇ ಹೇಳಿದ.

ಯಾವ ಎರಡು ಮನೆ ಎಂದು ಕೇಳಲು ಕನಾಯೆಗೆ ಧೈರ್ಯ ಬರಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಅವಳು ಪ್ರತಿ ಬಾಗಿಲನ್ನೂ ನೋಡುತ್ತ ನಡೆದಳು. ಗೆಂತಾ ಅವಳ ಪಕ್ಕದಲ್ಲೇ ನಡೆದ.

ಭಾನುವಾರ ಅವಳು ನಗೋಯಾಗೆ ಹೊರಡಬೇಕಿತ್ತು. ಕೆಲಸಕ್ಕೆ ರಾಜೀನಾಮೆ ಕೊಟ್ಟು, ನಿಯಮದ ಪ್ರಕಾರ ಒಂದು ತಿಂಗಳು ದುಡಿದು, ಕೋಣೆ ಖಾಲಿ ಮಾಡಿ ಬರಬೇಕು. ಅಷ್ಟರಲ್ಲಿ ಮಗ್ಗವನ್ನು ತಿರುಗಿ ಅವಳ ಮನೆಗೇ ತರುವುದೆಂದು ಮಾತಾಗಿತ್ತು. ಇದನ್ನು ಕೇಳಿ ಉಮೆನೊ ಅಜ್ಜಿ ಹಣೆ ಚಚ್ಚಿಕೊಂಡಳು.

"ಬಿಚ್ಚೋದು, ಕಟ್ಟೋದು, ಮತ್ತೆ ಬಿಚ್ಚೋದು! ಇವರಿಬ್ಬರಿಗೆ ಮಾಡೋಕೆ ಬೇರೆ ಕೆಲಸವೇ ಇಲ್ಲ!" ಎನ್ನುತ್ತ ಕನಾಯೆಯ ಕೈಗೆ ಅನ್ನದ ಉಂಡೆಗಳ ಬುತ್ತಿ ತುರುಕಿದಳು. ಅದರಲ್ಲಿ ಆರು ಉಂಡೆಗಳಿದ್ದವು. ಒಬ್ಬಳಿಗೆ ಆರು ಯಾಕೆ ಎಂದು ಕೇಳಿದ್ದಕ್ಕೆ ಅಜ್ಜಿಗೆ ಕಿವಿ ಕೇಳಿಸಲಿಲ್ಲ.

ನಿಲ್ದಾಣದಲ್ಲಿ ಗೆಂತಾ ಅವಳ ಚೀಲ ಹಿಡಿದು ನಿಂತಿದ್ದ. ರೈಲು ಬರಲು ಐದು ನಿಮಿಷವಿತ್ತು.

"ಚೀಲ ಕೊಡು."

ಅವನು ಕೊಡಲಿಲ್ಲ.

"ಗೆಂತಾ, ಚೀಲ!"

"ನಾನೂ ಬರ್ತೀನಿ."

"ಎಲ್ಲಿಗೆ?"

"ನಗೋಯಾಗೆ. ನಿನ್ನ ಸಾಮಾನು ಕಟ್ಟೋಕೆ."

"ಸಾಮಾನು ಕಟ್ಟೋಕೆ ಇನ್ನೂ ಒಂದು ತಿಂಗಳಿದೆ!"

"ಇವತ್ತು ಒಂದಿಷ್ಟು ಕಟ್ತೀನಿ. ಸಂಜೆ ವಾಪಸ್ ಬರ್ತೀನಿ. ಮುಂದಿನ ಭಾನುವಾರ ಮತ್ತೆ ಬಂದು ಇನ್ನೊಂದಿಷ್ಟು ಕಟ್ತೀನಿ." ಅವನು ಜೇಬಿನಿಂದ ಟಿಕೆಟ್ ತೆಗೆದು ತೋರಿಸಿದ. ಕಿವಿಗಳು ಕೆಂಪಾಗಿದ್ದವು. "ಒಪ್ಪಿಗೆ ತಾನೆ?"

"ಯಾವುದಕ್ಕೆ ಒಪ್ಪಿಗೆ?"

"ಅದೇ... ಕೇಳಿದ್ನಲ್ಲ ಈಗ."

"ಏನು ಕೇಳ್ದೆ? ಸಾಮಾನು ಕಟ್ತೀನಿ ಅಂದೆ!"

"ಅದೇ ಅದು."

ಕನಾಯೆ ಅವನನ್ನು ದಿಟ್ಟಿಸಿದಳು. ಕಣ್ಣು ತುಂಬಿತು, ಆದರೆ ಈ ಸಲ ನಗು ಗೆದ್ದಿತು.

"ಊಹೂಂ. ಈ ಸಲ ನಾನು ಏನನ್ನೂ ಊಹೆ ಮಾಡ್ಕೊಳಲ್ಲ. ಬಾಯಿಬಿಟ್ಟು ಕೇಳು."

ಗೆಂತಾ ಚೀಲವನ್ನು ಎದೆಗೆ ಒತ್ತಿ ಹಿಡಿದುಕೊಂಡ. ದೂರದಲ್ಲಿ ರೈಲು ಕಾಣಿಸಿತು. ಅವನು ಒಮ್ಮೆ ರೈಲನ್ನು ನೋಡಿದ, ಒಮ್ಮೆ ಅವಳನ್ನು ನೋಡಿದ.

"ನನ್ನನ್ನ ಮದುವೆ ಆಗ್ತೀಯಾ ಕನಾ?"

"ಕೇಳಿಸ್ಲಿಲ್ಲ. ರೈಲಿನ ಸದ್ದು."

"ಮದುವೆ ಆಗ್ತೀಯಾ ಅಂದೆ!"

ರೈಲಿಗೆ ಕಾಯುತ್ತಿದ್ದ ಜನರ ಇಡೀ ಸಾಲು ತಿರುಗಿ ನೋಡಿತು. ಗೆಂತಾ ಕುತ್ತಿಗೆಯವರೆಗೂ ಕೆಂಪಾದ.

"ಮೊದಲ ಸಲವೇ ಕೇಳಿಸಿತ್ತು," ಎಂದಳು ಕನಾಯೆ, ಅವನ ತೋಳಿಗೆ ತೋಳು ಸೇರಿಸುತ್ತ. "ಆಗ್ತೀನಿ. ಬಾ, ಹತ್ತು."